ಮಾಲ್ಟಾದ ಹುಡುಗಿಯ ಮೂರು ನಿಮಿಷ: ತೀರ್ಪುಗಾರರು ಮೆಚ್ಚಿದ ಹಾಡಿಗೆ ಜನ ಏಕೆ ಫೋನ್ ಮಾಡಲಿಲ್ಲ?

2021ರ ಮೇ 22ರ ರಾತ್ರಿ. ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್ ನಗರದ ಅಹಾಯ್ ಸಭಾಂಗಣದಲ್ಲಿ ಯೂರೋವಿಷನ್ ಗೀತಸ್ಪರ್ಧೆಯ ಫೈನಲ್. 26 ಹಾಡುಗಳು ಮುಗಿದಿವೆ. 39 ದೇಶಗಳ ತೀರ್ಪುಗಾರರ ಅಂಕಗಳು ಒಂದೊಂದಾಗಿ ಬಂದು ಪಟ್ಟಿ ಸಿದ್ಧವಾಗಿದೆ: ಸ್ವಿಟ್ಜರ್ಲೆಂಡ್ 267, ಫ್ರಾನ್ಸ್ 248, ಮಾಲ್ಟಾ 208, ಇಟಲಿ 206. ಇನ್ನು ಬರಬೇಕಾದದ್ದು ಮನೆಯಲ್ಲಿ ಕುಳಿತು ನೋಡಿ ಮತ ಹಾಕಿದ ಜನರ ಅಂಕ. ಅದನ್ನು ತೀರ್ಪುಗಾರರ ಪಟ್ಟಿಯ ತಳದಿಂದ ಮೇಲಕ್ಕೆ, ಒಂದೊಂದೇ ದೇಶದ ಹೆಸರು ಹೇಳಿ ಓದುತ್ತಾರೆ. ಕ್ಯಾಮೆರಾ ಆಯಾ ಗಾಯಕರ ಮುಖದ ಮೇಲೆ ನಿಂತಿರುತ್ತದೆ. ಇಟಲಿಗೆ 318 ಎಂದು ಘೋಷಣೆಯಾಗಿ ಅದರ ಮೊತ್ತ 524ಕ್ಕೆ ಏರಿತು. ಮುಂದಿನ ಸರದಿ ಮಾಲ್ಟಾದ್ದು. 18 ವರ್ಷದ ಡೆಸ್ಟಿನಿ ಚುಕುನ್ಯೆರೆ ಇಟಲಿಯನ್ನು ದಾಟಬೇಕಾದರೆ 317 ಅಂಕ ಬೇಕಿತ್ತು. ಬಂದದ್ದು 47.

ತೀರ್ಪುಗಾರರ ಲೆಕ್ಕದಲ್ಲಿ ಮೂರನೆಯ ಸ್ಥಾನದಲ್ಲಿದ್ದ ಹಾಡು ಜನರ ಲೆಕ್ಕದಲ್ಲಿ 14ನೇ ಸ್ಥಾನಕ್ಕೆ ಇಳಿಯಿತು. ಎರಡನ್ನೂ ಕೂಡಿಸಿದಾಗ 255 ಅಂಕ, ಏಳನೆಯ ಸ್ಥಾನ. ಇಷ್ಟು ಅಂತರ ಹೇಗೆ ಬಂತು? ಹೆಣ್ಣೊಬ್ಬಳು ‘ನಾನು ನಿನ್ನ ಸೊತ್ತಲ್ಲ’ ಎಂದು ಎದೆಯುಬ್ಬಿಸಿ ಹಾಡುವ ಹಾಡು ಯುರೋಪಿಗೆ ಇಷ್ಟವಾಗಲಿಲ್ಲವೆಂದು ಕೆಲವರು ಹೇಳುತ್ತಾರೆ. ಚಿಕ್ಕ ದೇಶಕ್ಕೆ ಯಾರು ಮತ ಹಾಕುತ್ತಾರೆ ಎಂಬುದು ಇನ್ನು ಕೆಲವರ ಮಾತು. ಮೊದಲನೆಯದನ್ನು ನಾನು ಒಪ್ಪುವುದಿಲ್ಲ. ಎರಡನೆಯದು ಅರ್ಧ ನಿಜ. ಉಳಿದರ್ಧವನ್ನು ತಿಳಿಯಬೇಕಾದರೆ ಸ್ಪರ್ಧೆಯ ಲೆಕ್ಕಾಚಾರವನ್ನೂ ಹಾಡಿನ ಕಟ್ಟೋಣವನ್ನೂ ಬಿಡಿಸಿ ನೋಡಬೇಕು.

ಯೂರೋವಿಷನ್ ಹೆಸರು ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ. ಯುರೋಪಿನ ಸಾರ್ವಜನಿಕ ಪ್ರಸಾರ ಸಂಸ್ಥೆಗಳ ಒಕ್ಕೂಟ 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊ ಪಟ್ಟಣದಲ್ಲಿ ಏಳು ದೇಶಗಳೊಂದಿಗೆ ಇದನ್ನು ಆರಂಭಿಸಿತು. ಪ್ರತಿ ದೇಶದಿಂದ ಒಂದು ಹೊಸ ಹಾಡು. ಹಾಡು ಮೂರು ನಿಮಿಷ ಮೀರುವಂತಿಲ್ಲ. ವೇದಿಕೆಯಲ್ಲಿ ಆರು ಜನರಿಗಿಂತ ಹೆಚ್ಚು ಇರುವಂತಿಲ್ಲ. ಮುಖ್ಯ ಗಾಯನ ನೇರವಾಗಿಯೇ ಆಗಬೇಕು. 1999ರಿಂದ ಯಾವ ಭಾಷೆಯಲ್ಲಾದರೂ ಹಾಡಬಹುದು. ಸದಸ್ಯತ್ವ ಪ್ರಸಾರ ಸಂಸ್ಥೆಗಳದ್ದಾದ್ದರಿಂದ ಇಸ್ರೇಲ್ ಕೂಡ ಇದರಲ್ಲಿದೆ, 2015ರಿಂದ ಆಸ್ಟ್ರೇಲಿಯಾವೂ ಬರುತ್ತಿದೆ.

ಮೆಡಿಟರೇನಿಯನ್ ಸಮುದ್ರದ ನಡುವೆ, ಸಿಸಿಲಿಯ ಕೆಳಗೆ ಇರುವ ಮಾಲ್ಟಾದ ವಿಸ್ತೀರ್ಣ 316 ಚದರ ಕಿಲೋಮೀಟರ್. ನಮ್ಮ ಬೆಂಗಳೂರು ನಗರದ ಅರ್ಧದಷ್ಟೂ ಆಗುವುದಿಲ್ಲ. ಜನಸಂಖ್ಯೆ ಐದು ಲಕ್ಷದ ಆಸುಪಾಸು. ಇಂಥ ದೇಶ ಈ ಸ್ಪರ್ಧೆಯನ್ನು ತೆಗೆದುಕೊಳ್ಳುವ ರೀತಿ ಬೇರೆಯೇ. 1971 ಮತ್ತು 1972ರಲ್ಲಿ ತನ್ನದೇ ಮಾಲ್ಟೀಸ್ ಭಾಷೆಯ ಹಾಡುಗಳನ್ನು ಕಳುಹಿಸಿತು. ಎರಡೂ ಸಲ ಕಟ್ಟಕಡೆಯ ಸ್ಥಾನ. ಆ ಪೆಟ್ಟಿನ ಬಳಿಕ ಅದು ಇಂಗ್ಲಿಷಿನತ್ತ ವಾಲಿತು. 1991ರಲ್ಲಿ ಮರಳಿ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸಿಕೊಳ್ಳದೆ ಪ್ರಯತ್ನಿಸಿ, 2002ರಲ್ಲಿ ಇರಾ ಲೋಸ್ಕೊ, 2005ರಲ್ಲಿ ಕಿಯಾರಾ ಅವರಿಂದ ಎರಡನೆಯ ಸ್ಥಾನದವರೆಗೆ ಹೋಯಿತು. ಗೆಲುವು ಮಾತ್ರ ಇಂದಿಗೂ ಕೈಗೆ ಸಿಕ್ಕಿಲ್ಲ. ಡೆಸ್ಟಿನಿ ವೇದಿಕೆಗೆ ಬಂದಾಗ ಅವರ ಬೆನ್ನ ಮೇಲಿದ್ದದ್ದು ಅರ್ಧ ಶತಮಾನದ ಈ ಹಂಬಲ.

ಅವರು ಏಕಾಏಕಿ ಬಂದವರಲ್ಲ. ನೈಜೀರಿಯಾದಿಂದ ಬಂದು ಮಾಲ್ಟಾದಲ್ಲಿ ಆಡಿದ ಫುಟ್‌ಬಾಲ್ ಆಟಗಾರನ ಮಗಳು. 2015ರ ನವೆಂಬರ್‌ನಲ್ಲಿ, 13ನೆಯ ವಯಸ್ಸಿಗೆ, ಬಲ್ಗೇರಿಯಾದ ಸೋಫಿಯಾದಲ್ಲಿ ನಡೆದ ಮಕ್ಕಳ ಯೂರೋವಿಷನ್ ಗೆದ್ದರು. ಅಂದು ಪಡೆದ 185 ಅಂಕ ಆ ಸ್ಪರ್ಧೆಯ ಅಲ್ಲಿಯವರೆಗಿನ ದಾಖಲೆ. ಗಮನಿಸಬೇಕಾದ ಸಂಗತಿಯೆಂದರೆ ಆ ಹಾಡಿನ ವಸ್ತುವೂ ಇದೇ ಆಗಿತ್ತು: ಹೊರಗಿನವರು ಏನೇ ಅಂದರೂ ನನ್ನ ಒಳಗನ್ನು ಯಾರೂ ಕಸಿಯಲಾರರು ಎಂಬ ಘೋಷಣೆ. 2019ರಲ್ಲಿ ಟೆಲ್ ಅವೀವ್‌ನಲ್ಲಿ ಮಾಲ್ಟಾದ ಗಾಯಕಿ ಮಿಕೇಲಾ ಅವರಿಗೆ ಹಿನ್ನೆಲೆ ದನಿಯಾದರು. 2020ರ ಆರಂಭದಲ್ಲಿ ಎಕ್ಸ್ ಫ್ಯಾಕ್ಟರ್ ಎಂಬ ಟಿವಿ ಗಾಯನಸ್ಪರ್ಧೆಯ ಮಾಲ್ಟಾ ಆವೃತ್ತಿ ಗೆದ್ದು ರಾಟರ್‌ಡ್ಯಾಮ್‌ಗೆ ಟಿಕೆಟ್ ಪಡೆದರು. ಅಷ್ಟರಲ್ಲಿ ಕೋವಿಡ್ ಬಂತು. ಸ್ಪರ್ಧೆಯ ಇತಿಹಾಸದಲ್ಲೇ ಮೊದಲ ಬಾರಿಗೆ ಆ ವರ್ಷದ ಆವೃತ್ತಿ ರದ್ದಾಯಿತು. ಸಿದ್ಧವಾಗಿದ್ದ ಹಾಡನ್ನು ಮುಂದಿನ ವರ್ಷಕ್ಕೆ ಬಳಸುವಂತಿರಲಿಲ್ಲ. ಮಾಲ್ಟಾ ಗಾಯಕಿಯನ್ನು ಉಳಿಸಿಕೊಂಡು ಹೊಸ ಹಾಡು ಹುಡುಕಿತು. ಅದೇ ‘ಜ ಮ ಕಾಸ್’. ಫ್ರೆಂಚ್ ಆಡುಮಾತಿನಲ್ಲಿ ‘ನಾನು ಹೊರಟೆ’ ಎಂದರ್ಥ. ಆ ಒಂದು ಪದಗುಚ್ಛ ಬಿಟ್ಟರೆ ಹಾಡು ಹೆಚ್ಚುಕಡಿಮೆ ಇಂಗ್ಲಿಷಿನಲ್ಲೇ ಇದೆ.

ಹಾಡಿನ ಕಥೆ ಸರಳ. ರಾತ್ರಿಯ ಕೂಟವೊಂದರಲ್ಲಿ ಯುವತಿಯೊಬ್ಬಳಿಗೆ ಗಂಡಸೊಬ್ಬ ಗಂಟುಬೀಳುತ್ತಾನೆ. ಆಕೆ ಹೇಳುವುದಿಷ್ಟು: ನಾನು ಚೆಂದವಾಗಿ ಉಡುಪು ತೊಟ್ಟಿದ್ದು ನಿನಗಾಗಿ ಅಲ್ಲ, ಮೈ ಕಾಣುವ ಬಟ್ಟೆ ಸಮ್ಮತಿಯ ಚೀಟಿಯೂ ಅಲ್ಲ, ನನ್ನ ಪಾಡಿಗೆ ನನ್ನನ್ನು ಬಿಡು, ನಾನು ಹೊರಟೆ. ಇಲ್ಲಿ ಕಣ್ಣೀರಿಲ್ಲ, ಪ್ರೇಮಭಂಗವಿಲ್ಲ, ಗಂಡಸಿನ ಮನಸ್ಸು ಬದಲಾಯಿಸುವ ಪ್ರಯತ್ನವೂ ಇಲ್ಲ. ಬಾಗಿಲ ಕಡೆ ನಡೆಯುವ ಹೆಜ್ಜೆಯಷ್ಟೇ ಇದೆ. ಆತ್ಮಬಲದ ಹಾಡುಗಳಲ್ಲಿ ಸಾಮಾನ್ಯವಾಗಿ ನಾಯಕಿ ಮೊದಲು ಮುರಿದುಬಿದ್ದು ಆಮೇಲೆ ಎದ್ದು ನಿಲ್ಲುತ್ತಾಳೆ. ಡೆಸ್ಟಿನಿಯ ನಾಯಕಿ ಮೊದಲ ಸಾಲಿನಲ್ಲೇ ನಿಂತಿದ್ದಾಳೆ. ಈ ನಿಲುವು ನನಗೆ ಬಹಳ ಹಿಡಿಸುತ್ತದೆ. ಆದರೆ ಇದಕ್ಕೊಂದು ಬೆಲೆಯೂ ಇದೆ: ಏಳುಬೀಳು ಇಲ್ಲದ ಕಡೆ ಕೇಳುಗ ಆತಂಕಪಡುವ ಗಳಿಗೆಯೇ ಬರುವುದಿಲ್ಲ.

ಸಂಗೀತದ ಕಡೆ ನೋಡೋಣ. 1920ರ ದಶಕದ ನೃತ್ಯಗೃಹಗಳನ್ನು ನೆನಪಿಸುವ ಹಿತ್ತಾಳೆ ವಾದ್ಯಗಳ ತುಣುಕು, ಅದರ ಕೆಳಗೆ ಇಂದಿನ ಎಲೆಕ್ಟ್ರಾನಿಕ್ ತಾಳ. ಇದನ್ನು ಎಲೆಕ್ಟ್ರೊ ಸ್ವಿಂಗ್ ಎನ್ನುತ್ತಾರೆ. ಶುರುವಿನ ಚರಣಗಳಲ್ಲಿ ದನಿ ತಗ್ಗಿನಲ್ಲಿ, ಮಾತಿಗೆ ಹತ್ತಿರವಾಗಿ ನಡೆಯುತ್ತದೆ. ಬಳಿಕ ಒಂದೊಂದೇ ಮೆಟ್ಟಿಲು ಏರಿ, ಪಲ್ಲವಿಯ ಹೊಸ್ತಿಲಿಗೆ ಬಂದಾಗ ಚರ್ಚ್‌ಗಳ ಗಾಸ್ಪೆಲ್ ಗಾಯನದ ಪೂರ್ಣ ಕಂಠ ತೆರೆದುಕೊಳ್ಳುತ್ತದೆ. ಡೆಸ್ಟಿನಿಯ ದೊಡ್ಡ ಆಸ್ತಿಯೇ ಈ ಕಂಠ. ಎತ್ತರದ ಸ್ವರದಲ್ಲೂ ತೆಳುವಾಗದೆ, ಅಂಚು ಸೀಳದೆ ನಿಲ್ಲುವ ದನಿ ಅದು. ನೇರ ಗಾಯನದಲ್ಲಿ ಅದನ್ನು ಸಾಧಿಸುವುದು ಹುಡುಗಾಟವಲ್ಲ.

ಈಗ ಒಂದು ಸೂಕ್ಷ್ಮವನ್ನು ಹತ್ತಿರದಿಂದ ನೋಡಬೇಕು. ಇಷ್ಟು ಏರಿದ ದನಿ ಶಿಖರ ಮುಟ್ಟುವ ಹೊತ್ತಿಗೆ ‘ಜ ಮ ಕಾಸ್’ ಎಂಬ ಮೂರು ಅಕ್ಷರದಂಥ ಮಾತು ಹೇಳಿ ಪಕ್ಕಕ್ಕೆ ಸರಿಯುತ್ತದೆ. ಆ ಜಾಗಕ್ಕೆ ಹಿತ್ತಾಳೆ ವಾದ್ಯದ ತುಣುಕು ಬಂದು ಕೂರುತ್ತದೆ, ನೃತ್ಯ ಶುರುವಾಗುತ್ತದೆ. ನೃತ್ಯಸಂಗೀತದಲ್ಲಿ ಇದು ಮಾಮೂಲಿ ತಂತ್ರ. ಮಾತು ನಿಲ್ಲಿಸಿ ತಾಳಕ್ಕೆ ಜಾಗ ಬಿಟ್ಟುಕೊಟ್ಟರೆ ಜನ ಕುಣಿಯುತ್ತಾರೆ. ಕ್ಲಬ್ಬಿನಲ್ಲಿ ಅದು ಸರಿ. ಆದರೆ ಸೋಫಾದ ಮೇಲೆ ಕುಳಿತು ಮೂರೇ ನಿಮಿಷ ನೋಡುವವನಿಗೆ ಹಾಡಿನ ಅತ್ಯಂತ ಬಲವಾದ ಗಳಿಗೆಯಲ್ಲಿ ಕೇಳಬೇಕಾದದ್ದು ಆ ಹುಡುಗಿಯ ದನಿಯಲ್ಲವೇ? ‘ನನ್ನ ಮಾತು ಕೇಳು’ ಎಂದು ಒತ್ತಾಯಿಸುವ ಹಾಡು ತನ್ನ ಪಲ್ಲವಿಯಲ್ಲೇ ಮಾತು ನಿಲ್ಲಿಸುತ್ತದೆ. ಹಾಡಿನ ದೊಡ್ಡ ದೋಷ ಇದು ಎಂದೇ ನನ್ನ ತೀರ್ಮಾನ. ಕೊನೆಯ ಭಾಗದಲ್ಲಿ ಆಕೆ ದನಿಯನ್ನು ಮತ್ತೆ ಹಾರಿಸಿ ಹಾಡನ್ನು ಎತ್ತಿ ಹಿಡಿಯುತ್ತಾಳೆ, ಅಷ್ಟರಲ್ಲಿ ಎರಡು ನಿಮಿಷ ಕಳೆದಿರುತ್ತದೆ.

ತೀರ್ಪುಗಾರರಿಗೆ ಇದು ಅಡ್ಡಿಯಾಗಲಿಲ್ಲ. ಏಕೆಂದರೆ ಅವರು ಕೇಳುವ ಕ್ರಮವೇ ಬೇರೆ. ಆ ವರ್ಷ ಪ್ರತಿ ದೇಶದಲ್ಲಿ ಐವರು ತೀರ್ಪುಗಾರರಿದ್ದರು. ಎಲ್ಲರೂ ಸಂಗೀತ ಕ್ಷೇತ್ರದ ವೃತ್ತಿನಿರತರು. ಕಂಠದ ಸಾಮರ್ಥ್ಯ, ವೇದಿಕೆಯ ನಿರ್ವಹಣೆ, ಹಾಡಿನ ರಚನೆ ಹಾಗೂ ಹೊಸತನ, ಒಟ್ಟಾರೆ ಪರಿಣಾಮ ಇವು ಅವರ ಮುಂದಿರುವ ಅಳತೆಗೋಲುಗಳು. ಇನ್ನೊಂದು ಸಂಗತಿ ಅನೇಕ ಅಭಿಮಾನಿಗಳಿಗೂ ಹೊಳೆಯುವುದಿಲ್ಲ: ತೀರ್ಪುಗಾರರು ಅಂಕ ಕೊಡುವುದು ಫೈನಲ್‌ನ ರಾತ್ರಿಯಲ್ಲ, ಅದರ ಹಿಂದಿನ ರಾತ್ರಿಯ ಪೂರ್ಣ ತಾಲೀಮಿಗೆ. ಅಂದರೆ ಜನ ನೋಡಿದ ಪ್ರದರ್ಶನವೇ ಬೇರೆ, ತೀರ್ಪುಗಾರರು ನೋಡಿದ್ದೇ ಬೇರೆ.

ಅದಕ್ಕಿಂತ ಮುಖ್ಯವಾದದ್ದು ಎಣಿಕೆಯ ವಿಧಾನ. ತೀರ್ಪುಗಾರರು ತಮ್ಮ ದೇಶದ್ದನ್ನು ಬಿಟ್ಟು ಉಳಿದ ಎಲ್ಲ ಹಾಡುಗಳನ್ನೂ ಮೊದಲನೆಯದರಿಂದ ಕೊನೆಯದರವರೆಗೆ ಕ್ರಮವಾಗಿ ಜೋಡಿಸಬೇಕು. ಅಂದು ಐವರ ಕ್ರಮವನ್ನು ಒಟ್ಟುಗೂಡಿಸಿ ದೇಶದ ಪಟ್ಟಿ ಮಾಡಲಾಗುತ್ತಿತ್ತು. ಮೊದಲ ಹತ್ತು ಹಾಡುಗಳಿಗೆ 12, 10, ಬಳಿಕ 8ರಿಂದ 1ರವರೆಗೆ ಅಂಕ. ಹೀಗಾಗಿ ಒಂದು ದೇಶದ ಐವರೂ ಒಂದು ಹಾಡನ್ನು ಮೂರನೆಯದೆಂದೋ ನಾಲ್ಕನೆಯದೆಂದೋ ಬರೆದರೆ ಸಾಕು, ಆ ಹಾಡಿಗೆ ಒಳ್ಳೆಯ ಅಂಕ ಸಿಗುತ್ತದೆ. ಯಾರಿಗೂ ಪರಮಪ್ರಿಯವಾಗಬೇಕಿಲ್ಲ.

ವೀಕ್ಷಕರು ಮತ ಹಾಕುವಾಗ ಹಾಡುಗಳನ್ನು ಹೀಗೆ ಕ್ರಮವಾಗಿ ಜೋಡಿಸುವುದಿಲ್ಲ. ಫೋನ್ ಎತ್ತಿಕೊಂಡವನು ತನ್ನ ಮೆಚ್ಚಿನ ಹಾಡಿನ ಸಂಖ್ಯೆ ಒತ್ತುತ್ತಾನೆ. ಒಬ್ಬರಿಗೆ 20 ಮತ ಹಾಕುವ ಅವಕಾಶ ಅಂದಿತ್ತು, ಪ್ರತಿ ಮತಕ್ಕೂ ದುಡ್ಡು. 20 ಮತವನ್ನೂ ಒಂದೇ ಹಾಡಿಗೆ ಸುರಿಯಬಹುದು. ಒಂದು ದೇಶದಲ್ಲಿ ನೂರು ಮಂದಿ ಮತ ಹಾಕುತ್ತಾರೆ ಎಂದುಕೊಳ್ಳಿ. ಆ ನೂರು ಮಂದಿಯೂ ಮಾಲ್ಟಾವನ್ನು ನಾಲ್ಕನೆಯ ಮೆಚ್ಚಿನ ಹಾಡೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ. ಅವರೆಲ್ಲರೂ ತಮ್ಮ ಮೊದಲ ಮೆಚ್ಚಿನ ಹಾಡಿಗಷ್ಟೇ ಫೋನ್ ಮಾಡಿದರೆ ಮಾಲ್ಟಾಕ್ಕೆ ಬರುವುದು ಸೊನ್ನೆ. ಅದೇ ದೇಶದ ತೀರ್ಪುಗಾರರೂ ಹಾಗೆಯೇ ಯೋಚಿಸಿದ್ದರೆ ಮಾಲ್ಟಾಕ್ಕೆ ಏಳೆಂಟು ಅಂಕ. ಇಬ್ಬರ ಅಭಿರುಚಿಯೂ ಒಂದೇ, ಫಲಿತಾಂಶ ಮಾತ್ರ ಬೇರೆ. ‘ತೀರ್ಪುಗಾರರಿಗೆ ಇಷ್ಟ, ಜನರಿಗೆ ಇಷ್ಟವಿಲ್ಲ’ ಎಂದು ಅವಸರದಲ್ಲಿ ಬರೆಯುವವರು ಇದನ್ನು ಮರೆಯುತ್ತಾರೆ. ಜನರ ಮತ ಎಷ್ಟು ಮಂದಿಗೆ ಹಾಡು ಹಿಡಿಸಿತು ಎಂಬುದನ್ನು ಅಳೆಯುವುದಿಲ್ಲ. ಎಷ್ಟು ಮಂದಿಗೆ ಬೇರೆಲ್ಲವನ್ನೂ ಬಿಟ್ಟು ಇದಕ್ಕೇ ದುಡ್ಡು ಕೊಡಬೇಕೆನಿಸಿತು ಎಂಬುದನ್ನು ಅಳೆಯುತ್ತದೆ.

ಇದಕ್ಕೆ ಪುರಾವೆ ಆ ವಾರದಲ್ಲೇ ಇದೆ. ನಾಲ್ಕು ದಿನ ಮೊದಲು, ಮೇ 18ರಂದು ನಡೆದ ಮೊದಲ ಸೆಮಿಫೈನಲ್‌ನಲ್ಲಿ 16 ಹಾಡುಗಳಿದ್ದವು. ಅಲ್ಲಿ ಮಾಲ್ಟಾ 325 ಅಂಕ ಪಡೆದು ಮೊದಲ ಸ್ಥಾನಕ್ಕೆ ಬಂತು. ಅದರಲ್ಲಿ ವೀಕ್ಷಕರು ಕೊಟ್ಟದ್ದೇ 151. ಹಾಡು ಅದೇ, ಹುಡುಗಿ ಅವಳೇ. ಬದಲಾದದ್ದು ಸುತ್ತಲಿನ ಪೈಪೋಟಿ ಮತ್ತು ಹಾಡಿದ ಸರದಿ. ಸೆಮಿಫೈನಲ್‌ನಲ್ಲಿ ಡೆಸ್ಟಿನಿ ಕಟ್ಟಕಡೆಗೆ ಹಾಡಿದರು. ಹಾಡು ಮುಗಿಯುತ್ತಿದ್ದಂತೆ ಫೋನ್ ಸಾಲು ತೆರೆಯಿತು. ಫೈನಲ್‌ನಲ್ಲಿ ಅವರಿಗೆ ಸಿಕ್ಕಿದ್ದು ಆರನೆಯ ಸರದಿ. ಅವರ ನಂತರ ಇನ್ನೂ ಇಪ್ಪತ್ತು ಹಾಡುಗಳು ಬಂದವು. ಕೊನೆಗೆ ವೀಕ್ಷಕರ ಮತದಲ್ಲಿ ಮೊದಲ ಮೂರು ಸ್ಥಾನ ಪಡೆದ ಇಟಲಿ, ಉಕ್ರೇನ್, ಫ್ರಾನ್ಸ್ ಕ್ರಮವಾಗಿ 24, 19 ಮತ್ತು 20ನೆಯ ಸರದಿಯವರು. ಫೈನಲ್‌ನ ಯಾವ ಅರ್ಧದಲ್ಲಿ ಹಾಡಬೇಕೆಂಬುದು ಆಗ ಚೀಟಿ ಎತ್ತಿ ತೀರ್ಮಾನವಾಗುತ್ತಿತ್ತು, ಆ ಅರ್ಧದೊಳಗಿನ ನಿಖರ ಜಾಗವನ್ನು ಕಾರ್ಯಕ್ರಮದ ನಿರ್ಮಾಪಕರು ನಿರ್ಧರಿಸುತ್ತಿದ್ದರು. ಸರದಿಯೊಂದೇ ಫಲಿತಾಂಶವನ್ನು ಬದಲಿಸಿತು ಎನ್ನಲಾರೆ. ಆದರೆ ಒಂದು ಗಂಟೆಗೂ ಹೆಚ್ಚು ಹೊತ್ತಿನ ಹಿಂದೆ ಕೇಳಿದ ಹಾಡನ್ನು ನೆನಪಿಟ್ಟುಕೊಂಡು ಫೋನ್ ಮಾಡುವವರು ಕಡಿಮೆ ಎಂಬುದು ಒಪ್ಪಬೇಕಾದ ಮಾತು.

ಚಿಕ್ಕ ದೇಶದ ಕಷ್ಟವೂ ನಿಜವೇ. ತಮ್ಮ ದೇಶಕ್ಕೆ ತಾವೇ ಮತ ಹಾಕುವಂತಿಲ್ಲ. ಆದ್ದರಿಂದ ಬೇರೆ ದೇಶಗಳಲ್ಲಿ ನೆಲೆಸಿದ ಸ್ವಜನರು, ಭಾಷೆ ಹಂಚಿಕೊಂಡ ನೆರೆಯವರು ಬಹಳ ಉಪಯೋಗಕ್ಕೆ ಬರುತ್ತಾರೆ. ಮಾಲ್ಟಾದಿಂದ ಹೊರಗೆ ಹೋದವರು ದೊಡ್ಡ ಸಂಖ್ಯೆಯಲ್ಲಿ ಇರುವುದು ಆಸ್ಟ್ರೇಲಿಯಾ, ಬ್ರಿಟನ್‌ನಂಥ ಕೆಲವೇ ಕಡೆ. ಮಾಲ್ಟೀಸ್ ಮಾತಾಡುವ ಇನ್ನೊಂದು ದೇಶ ಜಗತ್ತಿನಲ್ಲಿಲ್ಲ. ತೀರ್ಪುಗಾರರ ಮತ 2009ರಲ್ಲಿ ಫೈನಲ್‌ಗೆ ಮರಳಿದ್ದೇ ಈ ಬಗೆಯ ಅಸಮತೋಲನದ ಬಗ್ಗೆ ದೂರುಗಳು ಹೆಚ್ಚಿದ ಮೇಲೆ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ನನಗೆ ಅದೇ ಹೆಚ್ಚು ಮುಖ್ಯ. ಅದೇ ರಾತ್ರಿ, ಅದೇ ವೇದಿಕೆಯಲ್ಲಿ, ಹೆಣ್ಣೊಬ್ಬಳು ತನ್ನತನವನ್ನು ಎತ್ತಿ ಹಿಡಿಯುವ ಇನ್ನೆರಡು ಹಾಡುಗಳಿದ್ದವು. ಮೂರನ್ನೂ ಪಕ್ಕಪಕ್ಕ ಇಟ್ಟರೆ ಬಹಳಷ್ಟು ಸ್ಪಷ್ಟವಾಗುತ್ತದೆ.

ಡೆಸ್ಟಿನಿಗಿಂತ ಸ್ವಲ್ಪ ಮೊದಲು, ಐದನೆಯ ಸರದಿಯಲ್ಲಿ ರಷ್ಯಾದ ಪರವಾಗಿ ಮನೀಝಾ ಹಾಡಿದರು. ತಜಿಕಿಸ್ತಾನದ ದುಶಾನ್ಬೆಯಲ್ಲಿ ಹುಟ್ಟಿ, ಅಲ್ಲಿನ ಅಂತರ್ಯುದ್ಧದಿಂದಾಗಿ ಬಾಲ್ಯದಲ್ಲೇ ರಷ್ಯಾಕ್ಕೆ ಬಂದವರು. ಬೃಹತ್ ಗಾತ್ರದ, ಗಟ್ಟಿಯಾದ ಒಂದು ನಿಲುವಂಗಿಯೊಳಗೆ ನಿಂತು ವೇದಿಕೆಗೆ ಬಂದು, ಅದರಿಂದ ಹೊರಗೆ ಕಾಲಿಟ್ಟು ಕೆಂಪು ಕೆಲಸದುಡುಪಿನಲ್ಲಿ ಹಾಡಿದರು. ಹಾಡಿನ ಬಹುಪಾಲು ರಷ್ಯನ್ ಭಾಷೆಯಲ್ಲಿದೆ. ವಯಸ್ಸು ಮೂವತ್ತು ದಾಟಿತು, ಮಕ್ಕಳೆಲ್ಲಿ ಎಂದು ಕೇಳುವ ನೆಂಟರು, ಮೈ ಇಳಿಸು ಎಂದು ಉಪದೇಶಿಸುವವರು, ತಂದೆಯಿಲ್ಲದೆ ಬೆಳೆದ ಮಕ್ಕಳು — ಹಾಡಿನ ಒಳಗೆ ಓಡಾಡುವವರು ಇವರು. ರಷ್ಯಾದಲ್ಲೇ ಈ ಹಾಡಿಗೆ ಜೋರು ವಿರೋಧ ಬಂತು, ಗಾಯಕಿಯ ಮೂಲವನ್ನು ಎತ್ತಿ ಆಡಿದವರೂ ಇದ್ದರು. ಫಲಿತಾಂಶ: ತೀರ್ಪುಗಾರರಿಂದ 104, ಜನರಿಂದ 100. ಅಕ್ಕಪಕ್ಕದ ದೇಶಗಳ ರಷ್ಯನ್ ಭಾಷಿಕರ ಬೆಂಬಲ ಇದರಲ್ಲಿ ಸೇರಿರುತ್ತದೆ, ಅದನ್ನು ಕಳೆದೇ ನೋಡಬೇಕು. ಹಾಗಿದ್ದರೂ ತೀರ್ಪುಗಾರರಲ್ಲಿ ಡೆಸ್ಟಿನಿಯ ಅರ್ಧದಷ್ಟು ಪಡೆದವರು ಜನರಲ್ಲಿ ಎರಡು ಪಟ್ಟು ಪಡೆದರು.

ಮೂರನೆಯವರು ಫ್ರಾನ್ಸಿನ ಬಾರ್ಬರಾ ಪ್ರಾವಿ. ಕಪ್ಪು ಉಡುಪು, ನರ್ತಕರಿಲ್ಲ, ಬೆಳಕೂ ಕಡಿಮೆ. ‘ಇಗೋ ನಾನು, ಇರುವ ಹಾಗೆಯೇ ನೋಡಿ’ ಎಂದು ಬಿನ್ನವಿಸಿಕೊಳ್ಳುವ ಹಾಡು, ಪೂರ್ತಿ ಫ್ರೆಂಚ್ ಭಾಷೆಯಲ್ಲಿ. ಬರೆದವರಲ್ಲಿ ಆಕೆಯೂ ಒಬ್ಬರು. ಆ ಹಾಡಿನ ಹುಡುಗಿಗೆ ಭಯವಿದೆ, ಅನುಮಾನವಿದೆ, ಮೆಚ್ಚಿಕೊಳ್ಳಿ ಎಂಬ ಹಂಬಲವನ್ನು ಆಕೆ ಮುಚ್ಚಿಡುವುದಿಲ್ಲ. ಮೆಲ್ಲನೆ ಆರಂಭವಾಗಿ ತಿರುಗಣಿಯಂತೆ ವೇಗ ಹೆಚ್ಚಿಸಿಕೊಂಡು ಕೊನೆಯಲ್ಲಿ ಪೂರ್ಣ ದನಿಯಲ್ಲೇ ಮುಗಿಯುತ್ತದೆ. ತೀರ್ಪುಗಾರರಿಂದ 248, ಜನರಿಂದ 251, ಒಟ್ಟು 499, ಎರಡನೆಯ ಸ್ಥಾನ. ಎರಡೂ ಕಡೆ ಹೆಚ್ಚುಕಡಿಮೆ ಸಮಾನ ಪ್ರೀತಿ ಸಿಕ್ಕಿತು.

ಈ ಇಬ್ಬರ ಪಕ್ಕದಲ್ಲಿ ‘ಜ ಮ ಕಾಸ್’ ಇಟ್ಟು ಕೇಳಿ. ಹಾಡಿನೊಳಗಿನ ‘ನಾನು’ ಯಾರು? ಮನೀಝಾ ಹಾಡಿನಲ್ಲಿ ಆಕೆ ಒಂದು ಸಮಾಜದ, ಒಂದು ವಯಸ್ಸಿನ ಹೆಂಗಸು. ಪ್ರಾವಿಯ ಹಾಡಿನಲ್ಲಿ ವೇದಿಕೆಯ ಮೇಲೆ ನಿಂತ ಆ ಗಾಯಕಿಯೇ. ಡೆಸ್ಟಿನಿಯ ಹಾಡಿನಲ್ಲಿ ಯಾವುದೋ ನಗರದ ಯಾವುದೋ ಕೂಟದ ಯಾವುದೋ ಯುವತಿ. ಎಲ್ಲರಿಗೂ ಹೊಂದಬೇಕೆಂದು ಹೊಲಿದ ಉಡುಪಿನಂತೆ ಅದು ಯಾರ ಮೈಗೂ ಸರಿಯಾಗಿ ಕೂರುವುದಿಲ್ಲ. ಹಾಡಿನ ರಚನಕಾರರಾಗಿ ದಾಖಲಾಗಿರುವವರು ನಾಲ್ವರು: ಮಾಲಿನ್ ಕ್ರಿಸ್ಟಿನ್, ಅಮಾನುಯೆಲ್ ಡರ್ಮಾಂಟ್, ನಿಕ್ಲಾಸ್ ಎಕ್ಲುಂಡ್, ಪೀಟ್ ಬ್ಯಾರಿಂಜರ್. ಡೆಸ್ಟಿನಿಯ ಹೆಸರು ಅದರಲ್ಲಿಲ್ಲ. ಕಪ್ಪು ವರ್ಣದ, ತುಂಬು ಮೈಯ, ಮಾಲ್ಟಾದ ಬೀದಿಗಳಲ್ಲಿ ಬೆಳೆದ ಹದಿನೆಂಟರ ಹುಡುಗಿಗೆ ಹೇಳಲು ತನ್ನದೇ ಆದ ಎಷ್ಟೋ ಮಾತುಗಳಿರುತ್ತವೆ. ಈ ಹಾಡಿನಲ್ಲಿ ಅವಕ್ಕೆ ಜಾಗವಿರಲಿಲ್ಲ. ನನಗೆ ನೋವಾಗುವುದು ಇಲ್ಲಿಯೇ. ಅಂಥ ಕಂಠವನ್ನು ಕೈಯಲ್ಲಿಟ್ಟುಕೊಂಡು ಅದಕ್ಕೆ ಬಾಡಿಗೆಯ ಮಾತು ಕೊಟ್ಟರು.

ಹಾಗೆಂದ ಮಾತ್ರಕ್ಕೆ ಸ್ವಂತ ಹಾಡು ಬರೆದವರೇ ಗೆಲ್ಲುತ್ತಾರೆ ಎಂದು ಸೂತ್ರ ಮಾಡಲಾಗದು. 2018ರಲ್ಲಿ ಲಿಸ್ಬನ್‌ನಲ್ಲಿ ಗೆದ್ದ ಇಸ್ರೇಲಿನ ನೆಟ್ಟಾ ಬರ್ಝಿಲೈ ಅವರ ‘ಟಾಯ್’ ಹಾಡನ್ನು ಬರೆದವರು ಡೊರಾನ್ ಮೆಡಾಲಿ ಮತ್ತು ಸ್ತಾವ್ ಬೆಗರ್. ವಸ್ತು ಹೆಚ್ಚುಕಡಿಮೆ ಡೆಸ್ಟಿನಿಯ ಹಾಡಿನದೇ: ನಾನು ನಿನ್ನ ಆಟಿಕೆಯಲ್ಲ. ಅದಕ್ಕೆ ಕೆಲವೇ ತಿಂಗಳ ಹಿಂದೆ, 2017ರ ಅಕ್ಟೋಬರ್‌ನಲ್ಲಿ, ಮೀ ಟೂ ಚಳವಳಿ ಜಗತ್ತಿನಾದ್ಯಂತ ಹಬ್ಬಿತ್ತು, ಕೇಳುವ ಕಿವಿಗಳು ಸಿದ್ಧವಾಗಿದ್ದವು. ತೀರ್ಪುಗಾರರು ಆ ಹಾಡಿಗೆ ಕೊಟ್ಟದ್ದು 212, ಸ್ಥಾನ ಮೂರನೆಯದು. ಅಂದರೆ ಡೆಸ್ಟಿನಿಗೂ ನೆಟ್ಟಾಗೂ ತೀರ್ಪುಗಾರರ ಕೋಣೆಯಲ್ಲಿ ವ್ಯತ್ಯಾಸವೇ ಇರಲಿಲ್ಲ. ಜನ ನೆಟ್ಟಾಗೆ ಕೊಟ್ಟದ್ದು 317. ಡೆಸ್ಟಿನಿಗೆ ಬೇಕಾಗಿದ್ದದ್ದೂ ಸರಿಯಾಗಿ ಅಷ್ಟೇ.

ಎಲ್ಲಿ ವ್ಯತ್ಯಾಸವಾಯಿತು? ನೆಟ್ಟಾ ಬಾಯಿಯಿಂದಲೇ ಕೋಳಿಯ ಕೊಕ್ಕೊಕ್ಕೊ ಸದ್ದು ಮಾಡುತ್ತಾರೆ, ಉಸಿರನ್ನು ತುಂಡರಿಸಿ ತಾಳ ಹಾಕುತ್ತಾರೆ, ತಮ್ಮದೇ ದನಿಯನ್ನು ಸುರುಳಿಯಂತೆ ಮತ್ತೆ ಮತ್ತೆ ಕೇಳಿಸುವ ಯಂತ್ರದ ಮುಂದೆ ನಿಲ್ಲುತ್ತಾರೆ. ಆ ಯಂತ್ರದೊಂದಿಗಿನ ಆಟ ಅವರಿಗೆ ಸ್ಪರ್ಧೆಗೂ ಮುಂಚಿನಿಂದ ಅಂಟಿಕೊಂಡದ್ದು. ಬರೆದವರು ಬೇರೆಯವರಾದರೂ ಹಾಡನ್ನು ಆಕೆಯ ಅಭ್ಯಾಸದ ಸುತ್ತಲೇ ಕಟ್ಟಿದ್ದರು. ಬೇರೊಬ್ಬ ಗಾಯಕಿಗೆ ಅದನ್ನು ಕೊಟ್ಟರೆ ಹಾಡು ಉಳಿಯುವುದಿಲ್ಲ. ‘ಜ ಮ ಕಾಸ್’ ಅನ್ನು ಚೆನ್ನಾಗಿ ಹಾಡಬಲ್ಲ ಹತ್ತು ಗಾಯಕಿಯರು ಯುರೋಪಿನಲ್ಲಿ ಸಿಗಬಹುದು, ಡೆಸ್ಟಿನಿಯಷ್ಟು ಚೆನ್ನಾಗಿ ಅಲ್ಲದಿದ್ದರೂ. 2014ರಲ್ಲಿ ಕೋಪನ್‌ಹೇಗನ್‌ನಲ್ಲಿ ಆಸ್ಟ್ರಿಯಾಕ್ಕೆ ಗೆಲುವು ತಂದ, ಗಡ್ಡ ಬಿಟ್ಟು ಗೌನ್ ತೊಟ್ಟ ಕೊಂಚಿಟಾ ವುರ್ಸ್ಟ್ ವಿಷಯದಲ್ಲೂ ಇದೇ ಮಾತು. ಅವರ ಹಾಡಿನಲ್ಲಿದ್ದ, ಬೂದಿಯಿಂದ ಎದ್ದು ಬರುವ ಹಕ್ಕಿಯ ಹೋಲಿಕೆ ಸವೆದ ನಾಣ್ಯ. ಆ ವ್ಯಕ್ತಿಯ ಬಾಯಿಂದ ಬಂದಾಗ ಮಾತ್ರ ಅದಕ್ಕೆ ಹೊಸ ಬೆಲೆ ಬಂತು.

ಮಾಲ್ಟಾ ಏಕೆ ಹಾಗೆ ಮಾಡಿತು ಎಂಬುದನ್ನು ಸಹಾನುಭೂತಿಯಿಂದ ನೋಡಬೇಕು. ಮಾತೃಭಾಷೆಯಲ್ಲಿ ಹಾಡಿ ಎರಡು ಸಲ ಕೊನೆಯ ಸ್ಥಾನ ಕಂಡ ದೇಶ ಅದು. ಇಂದಿನ ಯೂರೋವಿಷನ್‌ಗೆ ಹಾಡು ಹೊಂದಿಸುವುದು ಒಂದು ಉದ್ಯಮವೇ ಆಗಿದೆ. ಸ್ವೀಡನ್‌ನಂಥ ದೇಶಗಳ ವೃತ್ತಿಪರ ರಚನಕಾರರು ಶಿಬಿರಗಳಲ್ಲಿ ಕುಳಿತು ಹಲವು ದೇಶಗಳಿಗೆ ಹಾಡು ಸಿದ್ಧಪಡಿಸುತ್ತಾರೆ. ಅವರ ಕಸುಬಿನಲ್ಲಿ ಹುಳುಕಿಲ್ಲ. ಅಂಥ ಹಾಡು ತಪ್ಪು ಮಾಡುವುದಿಲ್ಲ, ತೀರ್ಪುಗಾರರ ನಾಲ್ಕೂ ಅಳತೆಗೋಲುಗಳನ್ನು ದಾಟುತ್ತದೆ. 2021ರ ವಸಂತದಲ್ಲಿ ಬೆಟ್ಟಿಂಗ್ ಕಂಪನಿಗಳ ಪಟ್ಟಿಯಲ್ಲಿ ಮಾಲ್ಟಾ ಕೆಲವು ವಾರ ಮೊದಲ ಸ್ಥಾನದಲ್ಲೇ ಇತ್ತು. ಸುರಕ್ಷಿತ ದಾರಿ ಎಂದು ಆ ದೇಶ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ವರ್ಷದ ಮೊದಲ ಮೂರು ಸ್ಥಾನಗಳೂ ಇಂಗ್ಲಿಷೇತರ ಹಾಡುಗಳಿಗೆ ಹೋದವು: ಇಟಲಿಯ ಮೊನೆಸ್ಕಿನ್ ತಂಡ ಇಟಾಲಿಯನ್‌ನಲ್ಲಿ, ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ಫ್ರೆಂಚ್‌ನಲ್ಲಿ. ಹಳ್ಳಿಯ ವಸಂತೋತ್ಸವದ ಜನಪದ ಪದಗಳನ್ನು ಉಕ್ರೇನಿಯನ್ ಭಾಷೆಯಲ್ಲೇ ಹಾಡಿದ ಗೋ ಎ ತಂಡಕ್ಕೆ ಜನರ ಮತದಲ್ಲಿ 267 ಅಂಕ, ಎರಡನೆಯ ಸ್ಥಾನ. ಆ ಭಾಷೆ ಅರ್ಥವಾಗದ ಕೋಟ್ಯಂತರ ಜನರಲ್ಲಿ ಎಷ್ಟೋ ಮಂದಿ ಅದಕ್ಕೆ ದುಡ್ಡು ಕೊಟ್ಟು ಫೋನ್ ಮಾಡಿದರು.

ಮಾಲ್ಟಾ ಮಾತ್ರ ಅದೇ ದಾರಿಯಲ್ಲಿ ಮತ್ತೆ ನಡೆಯಿತು. 2022ರಲ್ಲಿ ಎಮ್ಮಾ ಮುಸ್ಕಾಟ್ ರಾಷ್ಟ್ರೀಯ ಆಯ್ಕೆಯನ್ನು ಒಂದು ಹಾಡಿನಿಂದ ಗೆದ್ದು, ಬಳಿಕ ಅದನ್ನು ಬಿಟ್ಟು ‘ಐ ಆಮ್ ವಾಟ್ ಐ ಆಮ್’ ಎಂಬ ಹೊಸ ಹಾಡಿನೊಂದಿಗೆ ಟ್ಯುರಿನ್‌ಗೆ ಹೋದರು. ನಾನು ಇರುವುದೇ ಹೀಗೆ, ನನಗೆ ಅದೇ ಹೆಮ್ಮೆ ಎಂಬ ಹಾಡು. ಹಿತವಾಗಿ ಹಾಡಿದರು, ಸೆಮಿಫೈನಲ್ ದಾಟಲಿಲ್ಲ. 2025ರಲ್ಲಿ ಬಾಸೆಲ್‌ಗೆ ಹೋದ ಮಿರಿಯಾನಾ ಕಾಂಟೆ ಕೊಂಚ ಬೇರೆ. ಆತ್ಮವಿಶ್ವಾಸವೇ ಅವರ ಹಾಡಿನ ವಸ್ತುವೂ ಆಗಿತ್ತು. ಆದರೆ ಅದರಲ್ಲಿ ಮಾಲ್ಟೀಸ್ ಪದವೊಂದರ ತುಂಟತನವಿತ್ತು. ಆಯೋಜಕರ ಆಕ್ಷೇಪದಿಂದ ಆ ಪದವನ್ನೂ ಶೀರ್ಷಿಕೆಯನ್ನೂ ಬದಲಿಸಬೇಕಾಯಿತು. ಫೈನಲ್ ತಲುಪಿ 17ನೇ ಸ್ಥಾನಕ್ಕೆ ನಿಂತರು. ಆಗಲೂ ತೀರ್ಪುಗಾರರು ಕೊಟ್ಟ ಅಂಕಗಳ ಮುಂದೆ ಜನರ ಅಂಕ ತೀರಾ ಸಣ್ಣದಾಗಿತ್ತು.

ನಿಯಮಗಳೂ ಈ ನಡುವೆ ಬದಲಾಗಿವೆ. 2023ರಿಂದ ಸ್ಪರ್ಧೆಯಲ್ಲಿಲ್ಲದ ದೇಶಗಳ ವೀಕ್ಷಕರೂ ಇಂಟರ್ನೆಟ್ ಮೂಲಕ ಮತ ಹಾಕಬಹುದು. ಅವರೆಲ್ಲರ ಮತ ಸೇರಿ ಒಂದು ದೇಶದ ಮತಕ್ಕೆ ಸಮ. ಅದೇ ವರ್ಷ ಸೆಮಿಫೈನಲ್‌ನಿಂದ ತೀರ್ಪುಗಾರರನ್ನು ತೆಗೆದುಹಾಕಿದ್ದರಿಂದ, ಎಲ್ಲರಿಗೂ ಹಿಡಿಸುವ ಆದರೆ ಯಾರಿಗೂ ಹುಚ್ಚು ಹಿಡಿಸದ ಹಾಡುಗಳಿಗೆ ಫೈನಲ್‌ನ ಬಾಗಿಲೇ ಕಷ್ಟವಾಯಿತು. 2026ರ ವಿಯೆನ್ನಾ ಆವೃತ್ತಿಗೆ ತೀರ್ಪುಗಾರರನ್ನು ಸೆಮಿಫೈನಲ್‌ಗೆ ಮರಳಿ ತರುವ ನಿರ್ಧಾರವಾಯಿತು. ಪ್ರತಿ ದೇಶದ ತಂಡ ಐವರಿಂದ ಏಳು ಜನರಿಗೆ ಏರಿತು. ಅವರಲ್ಲಿ ಕನಿಷ್ಠ ಇಬ್ಬರು 18ರಿಂದ 25 ವಯಸ್ಸಿನವರಾಗಿರಬೇಕು. ಒಬ್ಬ ವೀಕ್ಷಕ ಹಾಕಬಹುದಾದ ಮತಗಳನ್ನು 20ರಿಂದ 10ಕ್ಕೆ ಇಳಿಸಲಾಯಿತು. ಒಂದೇ ಹಾಡಿಗೆ ಮತಗಳ ರಾಶಿ ಸುರಿಯುವುದಕ್ಕೆ ಇದು ಸ್ವಲ್ಪ ಕಡಿವಾಣ. ಡೆಸ್ಟಿನಿಯ ವಯಸ್ಸಿನ ಗಾಯಕಿಯ ಹಾಡನ್ನು ಈಗ ಅದೇ ವಯಸ್ಸಿನ ತೀರ್ಪುಗಾರರೂ ಕೇಳುತ್ತಾರೆ. ಆದರೆ ಫೈನಲ್‌ನ ಅರ್ಧ ಅಂಕ ಇಂದಿಗೂ ಫೋನ್ ಹಿಡಿದವರ ಕೈಯಲ್ಲೇ ಇದೆ.